ಶೀಶೆಯ ಮುಚ್ಚಳ

ಮಗು ಗುಳಿಗೆ ನುಂಗಿತೆಂದರೆ ಮನೆಯಲ್ಲಿ ಮೊದಲು ಹೊರಡುವ ಮಾತು, ‘ತಾಯಿಗೆ ಗಮನ ಬೇಡವೆ?’ ಎಂಬುದು. ಇಪ್ಪತ್ತನೆಯ ಶತಮಾನದ ಕೆಲವು ವೈದ್ಯರು ತಾಯಿಯನ್ನು ಬಿಟ್ಟು ಶೀಶೆಯನ್ನೇ ವಿಚಾರಣೆಗೆ ಗುರಿಪಡಿಸಿದರು. ಆ ಚರಿತ್ರೆ ಮಕ್ಕಳೊಂದಿಗರೆಲ್ಲ ಅರಿಯತಕ್ಕದ್ದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜ್ಯಾಕ್ಸನ್ ಎಂಬ ಗಂಟಲ ತಜ್ಞರಿದ್ದರು. ಮಕ್ಕಳು ನುಂಗಿದ ಗುಂಡಿ, ಪಿನ್ನು, ನಾಣ್ಯಗಳನ್ನು ಹೊರತೆಗೆಯುವುದರಲ್ಲಿ ಅವರದು ಪಳಗಿದ ಕೈ. ತೊಳೆಯಲು ಇಟ್ಟ ತೀಕ್ಷ್ಣ ಕ್ಷಾರವನ್ನು ಬಾಯಿಗೆ ಹಾಕಿಕೊಂಡು ಅನ್ನನಾಳ ಸುಟ್ಟುಕೊಂಡ ಕೂಸುಗಳನ್ನೂ ಅವರು ಕಂಡರು. ಅವರ ಹೋರಾಟದಿಂದ, ಅಂಥ ಡಬ್ಬಿಗಳ ಮೇಲೆ ‘ವಿಷ’ ಎಂದು ಅಚ್ಚುಹಾಕಬೇಕೆಂಬ ಕಾನೂನು 1927ರಲ್ಲಿ ಬಂದಿತು. ಆದರೆ ಎರಡು ವರ್ಷದ ಮಗುವಿಗೆ ಓದು ಬರುವುದೆ?

ಎರಡನೆಯ ಮಹಾಯುದ್ಧದ ತರುವಾಯ ಮಕ್ಕಳಿಗೆಂದೇ ಕಿತ್ತಳೆ ರುಚಿಯ ಆಸ್ಪಿರಿನ್ ಗುಳಿಗೆ ಅಲ್ಲಿನ ಪೇಟೆಗೆ ಬಂದಿತು. ಔಷಧ ಮಿಠಾಯಿಯಾದರೆ ಮಗು ಒಂದಕ್ಕೇ ತೃಪ್ತಿಪಟ್ಟೀತೆ? ನುಂಗಿದ ವಸ್ತುವಿನಲ್ಲಿ ಏನಿದೆಯೆಂದು ವೈದ್ಯರಿಗೆ ತಿಳಿಸುವ ವಿಷಮಾಹಿತಿ ಕೇಂದ್ರವೊಂದು 1953ರಲ್ಲಿ ಶಿಕಾಗೋದಲ್ಲಿ ತೆರೆಯಿತು. ಬಹೂಪಯೋಗಿಯೇ ಸರಿ, ಆದರೂ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಬಾಗಿಲನ್ನು ಮೊದಲೇ ಹಾಕುವ ಉಪಾಯ ಕೆನಡಾದ ವಿಂಡ್ಸರ್ ನಗರದಿಂದ ಬಂದಿತು. ಮಕ್ಕಳ ವೈದ್ಯ ಆಂರಿ ಬ್ರೋ ಅವರ ಒತ್ತಾಯದಿಂದ 1967ರಲ್ಲಿ, ಅಂಗೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ ಸಿದ್ಧವಾಯಿತು. ಎಳೆಯ ಮಗು ಒತ್ತಬಲ್ಲದು, ತಿರುಗಿಸಲೂ ಬಲ್ಲದು. ಎರಡನ್ನೂ ಒಟ್ಟಿಗೆ ಮಾಡಲಾರದು. ಗುಟ್ಟೆಲ್ಲ ಇಷ್ಟೆ. ಅಮೆರಿಕವು 1970ರಲ್ಲಿ ಇದಕ್ಕೆ ಕಾನೂನು ಮಾಡಿ, 1972ರಲ್ಲಿ ಆಸ್ಪಿರಿನ್ನಿಗೆ ಅನ್ವಯಿಸಿತು. ಪರೀಕ್ಷಕರೂ ಮಕ್ಕಳೇ! ನಾಲ್ಕು ವರ್ಷದ ಆಸುಪಾಸಿನ ಪುಟಾಣಿಗಳಿಗೆ 5 ನಿಮಿಷ ಶೀಶೆ ಕೊಟ್ಟು, ಬಳಿಕ ತೆರೆಯುವ ಬಗೆಯನ್ನು ತೋರಿಸಿ, ಇನ್ನೂ 5 ನಿಮಿಷ ಕೊಟ್ಟರೂ ನೂರಕ್ಕೆ 80 ಮಂದಿ ಸೋಲಬೇಕು. ಆಸ್ಪಿರಿನ್ನಿನಿಂದ ಸಾಯುವ ಮಕ್ಕಳ ಸಂಖ್ಯೆ ಮುಂದೆ ಬಹಳವಾಗಿ ಇಳಿಯಿತು.

ನಮ್ಮಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ರಾಷ್ಟ್ರೀಯ ವಿಷಮಾಹಿತಿ ಕೇಂದ್ರ ಆರಂಭವಾಯಿತು. ಆದರೆ ಕುಡಿಯುವ ನೀರಿನ ಶೀಶೆಗೆ ಸೀಮೆಎಣ್ಣೆಯನ್ನೋ ಕಕ್ಕಸು ತೊಳೆಯುವ ಆಸಿಡ್ಡನ್ನೋ ತುಂಬಿಡುವ ಪದ್ಧತಿಯ ಮುಂದೆ ಯಾವ ಮುಚ್ಚಳವೂ ನಿಲ್ಲದು. ಅವು ಬಂದ ಶೀಶೆಯಲ್ಲೇ ಇರಲಿ. ಮಗುವಿನ ಕೈಗೆಟುಕದ ಎಡೆಯಲ್ಲಿ ಬೀಗದೊಳಗಿರಲಿ.

ಅಚಾತುರ್ಯ ನಡೆದೇ ಹೋದರೆ ವಾಂತಿ ಮಾಡಿಸಲು ಹೋಗಬಾರದು. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ಆಸಿಡ್ಡು ಬಂದ ದಾರಿಯನ್ನು ಮತ್ತೊಮ್ಮೆ ಸುಟ್ಟೀತು. ಅಮೆರಿಕದ ಮನೆಗಳಲ್ಲಿ ದಶಕಗಳ ಕಾಲ ಇರಿಸಿಕೊಳ್ಳುತ್ತಿದ್ದ ವಾಂತಿಯ ಔಷಧವನ್ನು ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2003ರಲ್ಲಿ ಬೇಡವೆಂದಿತು. ಮಗುವಿನೊಡನೆ ಆ ಶೀಶೆಯನ್ನೂ ಎತ್ತಿಕೊಂಡು ಕೂಡಲೇ ಆಸ್ಪತ್ರೆಗೆ ಓಡುವುದು ಲೇಸು. ತಾಯಿಯನ್ನು ಗದರುವ ಕೆಲಸವನ್ನು ಬಿಟ್ಟೇಬಿಡಬಹುದು.