ನಗೆಗೀಡಾದ ಪೋಲ್ಕಾ, ನಗಿಸಿ ಉಳಿದ ಪೋಲ್ಕಾ

2009ರ ಜೂನ್‌ನಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯವರು ತಮ್ಮ ಪಟ್ಟಿಯಿಂದ ಪೋಲ್ಕಾ ಸಂಗೀತದ ವಿಭಾಗವನ್ನು ಕೈಬಿಟ್ಟರು. 1986ರಿಂದ 24 ಸಲ ಕೊಟ್ಟಿದ್ದ ಆ ಪ್ರಶಸ್ತಿಯಲ್ಲಿ 18 ಜಿಮ್ಮಿ ಸ್ಟರ್ ಎಂಬ ಒಬ್ಬರ ಪಾಲಾಗಿದ್ದವು. ಇಂದಿನ ಸಂಗೀತಲೋಕ ಹೇಗಿದೆಯೋ ಪ್ರಶಸ್ತಿಗಳೂ ಹಾಗೇ ಇರಬೇಕು ಎನ್ನುವುದು ಸಂಘಟಕರು ಕೊಟ್ಟ ಕಾರಣ. ನಮ್ಮ ಡೆಸ್ಕಿನವರ ಲೆಕ್ಕದಲ್ಲಿ ಇದು ಒಳಪುಟದ ಸಿಂಗಲ್ ಕಾಲಂ ಸುದ್ದಿ. ಆದರೆ ಅದರ ಹಿಂದೆ ದುಡಿಯುವವರ ದೊಡ್ಡ ಕಥೆಯೊಂದಿದೆ.

ಪೋಲ್ಕಾ ಹುಟ್ಟಿದ್ದು 1830ರ ದಶಕದಲ್ಲಿ, ಇಂದಿನ ಚೆಕ್ ದೇಶದ ಬೊಹೀಮಿಯಾದಲ್ಲಿ. ಎರಡೆರಡು ಎಣಿಕೆಯ ಚುರುಕು ತಾಳ, ಜೋಡಿಗಳು ಗಿರಗಿರನೆ ಸುತ್ತುವ ಕುಣಿತ. ಅನ್ನಾ ಎಂಬ ಮನೆಗೆಲಸದ ಹುಡುಗಿ ತನ್ನಷ್ಟಕ್ಕೆ ಕುಣಿಯುತ್ತಿದ್ದಳು, ಮೇಷ್ಟರೊಬ್ಬರು ಆ ಧಾಟಿಯನ್ನು ಬರೆದಿಟ್ಟುಕೊಂಡರು ಎಂಬ ಕಥೆ ಬಹಳ ಪ್ರಸಿದ್ಧ. ಗಟ್ಟಿ ದಾಖಲೆ ಮಾತ್ರ ಇಲ್ಲ. ದಾಖಲೆ ಇರುವುದು ಮುಂದಿನದಕ್ಕೆ: 1840ರ ದಶಕದ ನಡುವಿನ ಹೊತ್ತಿಗೆ ಪ್ಯಾರಿಸ್, ಲಂಡನ್ನಿನ ಸಿರಿವಂತರಿಗೂ ಪೋಲ್ಕಾ ಹುಚ್ಚು ಹಿಡಿದಿತ್ತು.

ಆಮೇಲೆ ಅದು ಹಡಗು ಹತ್ತಿತು. ಚೆಕ್, ಪೋಲಿಷ್, ಜರ್ಮನ್, ಸ್ಲೊವೇನಿಯನ್ ವಲಸಿಗರು ಅಮೆರಿಕದ ಹೊಲ, ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆಗಳಿಗೆ ಬಂದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಲಂಬಿಯಾ, ವಿಕ್ಟರ್ ಕಂಪನಿಗಳು ಆ ಜನರ ಭಾಷೆಗಳಲ್ಲೇ ಹಾಡು ಮುದ್ರಿಸತೊಡಗಿದವು. ಅವರ ಲೆಕ್ಕ ಸರಳ: ಸ್ವಂತ ಭಾಷೆಯ ಪ್ಲೇಟು ಸಿಕ್ಕರೆ ಕೂಲಿಯವನೂ ಗ್ರಾಮಫೋನ್ ಕೊಳ್ಳುತ್ತಾನೆ. ವ್ಯಾಪಾರಕ್ಕೆ ಮಾಡಿದ ಆ ಪ್ಲೇಟುಗಳೇ ಇಂದು ಆ ಜನರ ದನಿಯ ದಾಖಲೆ.

ಚೆಕ್ ಸಂಗೀತಗಾರ ಯಾರೊಮೀರ್ ವೇಯ್ವೊಡಾ 1927ರಲ್ಲಿ ಕಟ್ಟಿದ ಒಂದು ಧಾಟಿಯನ್ನೇ ನೋಡಿ. ಮೊದಲು ಅದಕ್ಕೆ ಪದಗಳೇ ಇರಲಿಲ್ಲ. ಆಮೇಲೆ ಚೆಕ್ ಭಾಷೆಯಲ್ಲಿ ಕೈತಪ್ಪಿದ ಪ್ರೀತಿಯ ಹಾಡಾಯಿತು. ಜರ್ಮನ್ನಿನಲ್ಲಿ 'ರೋಸಾಮುಂಡೆ' ಆಯಿತು. ಇಂಗ್ಲಿಷಿಗೆ ಬಂದು 'ಬಿಯರ್ ಬ್ಯಾರಲ್ ಪೋಲ್ಕಾ' ಎಂಬ ಪಾನಗೋಷ್ಠಿಯ ಹಾಡಾಯಿತು. 1939ರಲ್ಲಿ ಅಮೆರಿಕದಲ್ಲಿ ಭರ್ಜರಿಯಾಗಿ ಓಡಿತು. ಅದೇ ವರ್ಷ ಶುರುವಾದ ಯುದ್ಧದಲ್ಲಿ ಎರಡೂ ಪಾಳಯದ ಸೈನಿಕರು ಇದೇ ಧಾಟಿಯನ್ನು ತಂತಮ್ಮ ಭಾಷೆಯಲ್ಲಿ ಹಾಡಿದರು.

ಆ ಯುದ್ಧಕ್ಕೆ ಹೋದವರಲ್ಲಿ ಫ್ರ್ಯಾಂಕಿ ಯಾಂಕೊವಿಕ್ ಒಬ್ಬರು. ಸ್ಲೊವೇನಿಯನ್ ವಲಸಿಗರ ಮಗ, ಬೆಳೆದದ್ದು ಕ್ಲೀವ್‌ಲ್ಯಾಂಡಿನಲ್ಲಿ, ನುಡಿಸುತ್ತಿದ್ದುದು ಅಕಾರ್ಡಿಯನ್. ಈ ವಾದ್ಯ ನಮ್ಮ ಪೇಟಿಯ ಬಳಗದ್ದೇ. ಎರಡರಲ್ಲೂ ತಿದಿಯ ಗಾಳಿಗೆ ಲೋಹದ ಪುಟ್ಟ ನಾಲಗೆ ಕಂಪಿಸಿ ನಾದ ಹೊರಡುತ್ತದೆ. ಯುದ್ಧಭೂಮಿಯ ಚಳಿಗೆ ಫ್ರ್ಯಾಂಕಿಯ ಕೈಕಾಲು ಮರಗಟ್ಟಿದಾಗ ವೈದ್ಯರು ಕತ್ತರಿಸಬೇಕೆಂದರು. ಅವರು ಒಪ್ಪಲಿಲ್ಲ. ಅಕಾರ್ಡಿಯನ್ ನುಡಿಸುತ್ತಲೇ ಬೆರಳುಗಳಿಗೆ ಜೀವ ತಂದುಕೊಂಡರು. 1948ರಲ್ಲಿ ಅವರ 'ಜಸ್ಟ್ ಬಿಕಾಸ್' ಹಾಡಿನ ಪ್ಲೇಟು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮೊದಲ ಪೋಲ್ಕಾ ಗ್ರ್ಯಾಮಿ ಸಂದದ್ದೂ ಅವರಿಗೇ.

ಪೋಲ್ಕಾದಲ್ಲಿ ನಗೆ ಮೊದಲಿಂದಲೂ ಇತ್ತು. 'ಹೂ ಸ್ಟೋಲ್ ದ ಕಿಷ್ಕಾ' ಹಾಡಿನ ಗಲಾಟೆಯೆಲ್ಲ ಅಂಗಡಿಯಿಂದ ಕಳುವಾದ ಮಾಂಸದ ತಿನಿಸಿನದು. ಅದು ತಮ್ಮ ಊಟಕ್ಕೆ ತಾವೇ ನಗುವ ನಗು. ರಾಕ್ ಸಂಗೀತ ಬಂದ ಮೇಲೆ ಹೊರಗಿನವರ ನಗು ಶುರುವಾಯಿತು. ಅಕಾರ್ಡಿಯನ್ ಎಂದರೆ ಅಜ್ಜಂದಿರ ವಾದ್ಯ, ಪೋಲ್ಕಾ ಎಂದರೆ ಹಳ್ಳಿಗಮಾರರ ಗದ್ದಲ.

ಆಗ ಬಂದವರು 'ವಿಯರ್ಡ್ ಅಲ್' ಯಾಂಕೊವಿಕ್. ಅಡ್ಡಹೆಸರು ಒಂದೇ, ಫ್ರ್ಯಾಂಕಿಗೆ ನೆಂಟರಲ್ಲ. ಏಳರ ವಯಸ್ಸಿಗೇ ಅಕಾರ್ಡಿಯನ್ ಪಾಠಕ್ಕೆ ಕೂತವರು. 1984ರ 'ಪೋಲ್ಕಾಸ್ ಆನ್ 45'ರಲ್ಲಿ ಪ್ರಸಿದ್ಧ ರಾಕ್ ಹಾಡುಗಳ ತುಣುಕುಗಳನ್ನು ಪದ ಬದಲಿಸದೆ ಪೋಲ್ಕಾ ತಾಳಕ್ಕೆ ಪೋಣಿಸಿದರು. ಕೇಳಿ ನೋಡಿ. ಇಲ್ಲಿ ನಗೆಗೀಡಾಗುವುದು ಪೋಲ್ಕಾ ಅಲ್ಲ, ರಾಕ್ ತಾರೆಯರ ಗತ್ತು. ಸಿಟ್ಟು, ವಿರಹ, ಬಂಡಾಯ ಎಲ್ಲವೂ ಮದುವೆಮನೆಯ ಕುಣಿತವಾಗಿಬಿಡುತ್ತವೆ. ಜೊತೆಗೆ, ಪೋಲ್ಕಾವನ್ನು ಸರಿಯಾಗಿ ನುಡಿಸಲು ಬಾರದವನ ಕೈಯಲ್ಲಿ ಈ ತಮಾಷೆ ನಿಲ್ಲುವುದೂ ಇಲ್ಲ.

ಇದನ್ನೇಕೆ ಬರೆದೆ? ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ನಾನು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ನಮ್ಮ ಕಡೆಯ ಮಾತಿನ ಧಾಟಿಗೆ ಸಿನಿಮಾದಲ್ಲೂ ಸಿಗುತ್ತಿದ್ದುದು ಹೆಚ್ಚಾಗಿ ಆಳುಮಗನ ಪಾತ್ರ, ಇಲ್ಲವೇ ಹಾಸ್ಯದ ಪಾತ್ರ. ಆ ಧಾಟಿಯನ್ನು ತಿದ್ದಿಕೊಳ್ಳಲು ಎರಡು ವರ್ಷ ಹೆಣಗಿದೆ. ನಕ್ಕವರ ಮುಂದೆ ಅದೇ ಧಾಟಿಯಲ್ಲಿ ಇನ್ನೂ ಚೆನ್ನಾಗಿ ಮಾತಾಡಬಹುದಿತ್ತು ಎಂದು ಆಗ ಯಾರೂ ಹೇಳಿಕೊಡಲಿಲ್ಲ. ಪಟ್ಟಿಯಿಂದ ಪೋಲ್ಕಾ ಹೋಯಿತು. ಅಲ್ ಮಾತ್ರ 2014ರ ಆಲ್ಬಂನಲ್ಲೂ ಒಂದು ಪೋಲ್ಕಾ ಸರಣಿ ಹಾಕಿದರು. ಆ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.