ಪುಕ್ಕಟೆ ಕೀಲಿಮಣೆಗಳು: ಅಂದು, ಇಂದು

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗಣಕಯಂತ್ರದಲ್ಲಿ ಕನ್ನಡ ಬರೆಯುವುದೇ ಒಂದು ಸಾಹಸವಾಗಿತ್ತು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಅಕ್ಷರಗಳನ್ನೆಲ್ಲ ಮೂಡಿಸುವ ಉಪಾಯ ಕಂಡುಕೊಟ್ಟವರು ಮಣಿಪಾಲದಲ್ಲಿ ಪಾಠ ಹೇಳಿದ ಕೆ.ಪಿ. ರಾವ್. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಬರೆದದ್ದು ಬರೆದವರ ಯಂತ್ರದಲ್ಲೇ ಉಳಿಯುತ್ತಿತ್ತು.

ಇಂದಿನ ಮೊಬೈಲ್ ಕೀಲಿಮಣೆಗಳೂ ಪುಕ್ಕಟೆಯೇ. ಆದರೆ ಪದಸೂಚನೆ, ಧ್ವನಿಬರಹಗಳ ನೆಪದಲ್ಲಿ ನಮ್ಮ ಬರಹದ ಜಾಡು ದೂರದ ಕಂಪೆನಿಗೆ ತಲುಪಬಹುದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಂತರಜಾಲದ ಅನುಮತಿಯನ್ನೇ ಕೇಳದ ಹೆಲಿಬೋರ್ಡ್‌ನಂಥ ಮುಕ್ತ ಕೀಲಿಮಣೆಗಳು ಈಗ ಲಭ್ಯ. ಅವುಗಳಲ್ಲಿ ಕನ್ನಡವೂ ಇದೆ. ಕೀಲಿಮಣೆ ಬದಲಿಸಲು ಐದು ನಿಮಿಷ ಸಾಕು. ಹೋದ ಮಾತನ್ನು ಮರಳಿ ಪಡೆಯುವ ದಾರಿಯಂತೂ ಇಲ್ಲ.