ಹವ್ಯಾಸವೆಂಬ ಮಾತು

‘ಹವ್ಯಾಸ’ ಎಂಬ ಶಬ್ದವು ನಮ್ಮ ಕಿವಿಗೆ ‘ಅಭ್ಯಾಸ’, ‘ವಿನ್ಯಾಸ’ಗಳ ಕುಲಕ್ಕೆ ಸೇರಿದ್ದೆಂದೇ ತೋರುತ್ತದೆ, ಹವಿಸ್ಸಿಗೂ ಅದಕ್ಕೂ ಏನೋ ನಂಟಿರಬೇಕೆಂದು ಊಹಿಸುವವರೂ ಉಂಟು. ವಾಸ್ತವದಲ್ಲಿ ಅದು ಅರಬ್ಬಿ, ಪಾರಸಿಗಳ ‘ಹವಸ್’. ಮರಾಠಿಯ ಬಾಯಲ್ಲಿ ಸಂಸ್ಕೃತದ ವೇಷವನ್ನು ತೊಟ್ಟು ನಮ್ಮಲ್ಲಿಗೆ ಬಂದುದು. ಮೂಲದಲ್ಲಿ ಅದರ ಅರ್ಥ ಉತ್ಕಟವಾದ ಆಸೆ, ತಣಿಯದ ಲಾಲಸೆ. ಮರಾಠಿಯಲ್ಲಿ ಇಂದಿಗೂ ಹಣದ ಹವ್ಯಾಸವೆಂದರೆ ನಿಂದೆಯ ಮಾತು. ಹಿಂದಿಯ ‘ಹವಸ್’ ಅಂತೂ ಸಭ್ಯರು ಆಡಲು ಹಿಂಜರಿಯುವಂಥದು. ಕನ್ನಡದಲ್ಲಿ ಮಾತ್ರ ಅದು ಸೌಮ್ಯವಾಗಿ, ಓದು, ಅಂಚೆಚೀಟಿ ಸಂಗ್ರಹ ಎಂದು ಅರ್ಜಿಯಲ್ಲಿ ತುಂಬಿಸುವ ಒಂದು ಕಲಮಾಗಿ, ಬಿಡುವಿನ ವೇಳೆಯ ನಿರುಪದ್ರವ ವಿನೋದವಾಗಿ ನಿಂತಿದೆ. ಈ ಸಾಧುತ್ವವು ಅದಕ್ಕೆ ಮರ್ಯಾದೆಯನ್ನು ತಂದಿತಾದರೂ, ಹೊಸತೊಂದನ್ನು ಕಲಿಯಹೊರಟವನ ಒಳಗಣ ತವಕವನ್ನು ನುಡಿಯುವ ಶಕ್ತಿಯನ್ನು ಕುಂದಿಸಿತೆಂದು ನನ್ನ ಭಾವನೆ.

ಆ ತವಕಕ್ಕಾಗಿ ನಮ್ಮ ಜನ ಬೇರೆ ಮಾತುಗಳನ್ನು ಕಾದಿರಿಸಿಕೊಂಡಿದ್ದಾರೆ: ನಾಟಕದ ಹುಚ್ಚು, ಸಂಗೀತದ ಗೀಳು, ಇಸ್ಪೀಟಿನ ಚಟ. ಇವುಗಳೊಡನೆ ಬರುವ ಕ್ರಿಯಾಪದಗಳನ್ನು ಗಮನಿಸಬೇಕು. ಹವ್ಯಾಸವನ್ನು ನಾವು ಬೆಳೆಸಿಕೊಳ್ಳುತ್ತೇವೆ. ಹುಚ್ಚು ನಮ್ಮನ್ನು ಹಿಡಿಯುತ್ತದೆ, ಗೀಳು ಅಂಟುತ್ತದೆ, ಚಟ ಹತ್ತುತ್ತದೆ. ಒಂದರಲ್ಲಿ ಮನುಷ್ಯನೇ ಕರ್ತೃ, ಉಳಿದವುಗಳಲ್ಲಿ ಅವನು ವಶನಾದವನು. ಕಲಿಕೆಗೆ ಈ ಎರಡು ಅವಸ್ಥೆಗಳೂ ಬೇಕು: ಮೊದಲು ವಿದ್ಯೆಯು ಹಿಡಿಯಬೇಕು, ಆಮೇಲೆ ಹಿಡಿಸಿಕೊಂಡವನು ಅದನ್ನು ಬೆಳೆಸಬೇಕು.

ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟುದು ಎಷ್ಟು ಉಚಿತವಾಗಿದೆ! 1902ರಲ್ಲಿ ಕೋಟದಲ್ಲಿ ಜನಿಸಿ, ಗಾಂಧಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಆ ಪುರುಷರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸುತ್ತ, ಮೂಕಿಚಿತ್ರಗಳ ಕಾಲದಲ್ಲಿಯೇ ಚಿತ್ರನಿರ್ಮಾಣಕ್ಕೆ ಕೈಹಾಕಿ, ಕುಂಚವನ್ನು ಹಿಡಿದು, ‘ಬಾಲಪ್ರಪಂಚ’ದಂಥ ಸಂಪುಟಗಳಿಗಾಗಿ ಲೋಕದ ನಾನಾ ಶಾಸ್ತ್ರಗಳನ್ನು ತಾವೇ ಓದಿ ಅರಗಿಸಿಕೊಂಡು, ಯಕ್ಷಗಾನದ ಹೆಜ್ಜೆಗಳನ್ನು ಸ್ವತಃ ಕುಣಿದು ಅರಿತು, ಅದರ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹೊಂದಿಸಿ ನೋಡಿ, ತೊಂಬತ್ತರ ಗಡಿಯನ್ನು ದಾಟಿದ ಮೇಲೂ ಹಕ್ಕಿಗಳನ್ನು ಕುರಿತು ಬರೆಯಲು ಕುಳಿತರು. ಇದನ್ನು ಬಿಡುವಿನ ವಿನೋದವೆನ್ನಲು ಯಾರಿಗೆ ಬಾಯಿ ಬಂದೀತು? ಯಕ್ಷಗಾನದ ಹುಚ್ಚು ಅವರನ್ನು ಹಿಡಿದದ್ದು ನಿಜ. ಅದರ ಪ್ರಸಂಗ, ರಾಗ, ವೇಷಗಳ ಶೋಧನೆಗೆ ಅವರು ವ್ಯಯಿಸಿದ ವರ್ಷಗಳು ಮಾತ್ರ ಬೆಳೆಸಿಕೊಂಡ ಹವ್ಯಾಸದವು.

‘ಹವ್ಯಾಸಿ’ ಎಂಬ ವಿಶೇಷಣದ ಗತಿಯಾದರೂ ಇನ್ನಷ್ಟು ಕುತೂಹಲಕರ. ವೃತ್ತಿ ರಂಗಭೂಮಿಗೆ ಎದುರಾಗಿ ಹವ್ಯಾಸಿ ರಂಗಭೂಮಿಯೆಂಬ ಹೆಸರು ನಿಂತಿತು. ವಕೀಲಿಯಿಂದ ಜೀವನ ಸಾಗಿಸಿದ ನಟ ಬಳ್ಳಾರಿ ರಾಘವರು, ಭೂಗರ್ಭಶಾಸ್ತ್ರವನ್ನು ಓದಿ ಬಂದ ನಾಟಕಕಾರ ಕೈಲಾಸಂ ಅವರು ಆ ಹೆಸರಿಗೆ ಘನತೆಯನ್ನು ತಂದರು. ಆದರೂ ಪೇಟೆಗಳಲ್ಲಿ ಈಗ ‘ಹವ್ಯಾಸಿ’ ಎಂದಾಗ ಅರೆಕಲಿತವನೆಂಬ ಧ್ವನಿಯೂ ಕೇಳಿಬರುತ್ತದೆ. ಇದು ನನಗೆ ನೋವಿನ ಸಂಗತಿ. ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ಕರಾವಳಿಯ ತಾಳಮದ್ದಳೆಯಲ್ಲಿ ಆ ಧ್ವನಿ ಇಲ್ಲ. ಹಗಲು ಪಾಠ ಹೇಳುವ ಮೇಷ್ಟ್ರು, ಅಡಕೆ ತೋಟದ ಕೃಷಿಕ, ಬ್ಯಾಂಕಿನ ಗುಮಾಸ್ತ ಇವರು ರಾತ್ರಿ ಭಾಗವತರ ಪದ ಮುಗಿದೊಡನೆ ಕರ್ಣನಾಗಿಯೋ ವಾಲಿಯಾಗಿಯೋ ಮಾತೆತ್ತುತ್ತಾರೆ; ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಎದುರಿನ ಪಾತ್ರವನ್ನು ನುಡಿಯುವ ಅರ್ಥಧಾರಿ ಯಾವ ಪುರಾಣದಿಂದ ಯಾವ ಪ್ರಶ್ನೆಯನ್ನು ತೆಗೆದಾನೋ ಎಂದು, ತಲೆ ನರೆತವರೂ ಪ್ರಸಂಗಕ್ಕೆ ಮುನ್ನ ಭಾರತವನ್ನು ಮತ್ತೊಮ್ಮೆ ತೆರೆದು ಕೂರುತ್ತಾರೆ.